ಹಳೆಯ ಹವಾಮಾನಕ್ಕೆ ನಮ್ಮ ಅಟ್ಟದ ಕಡತಗಳೂ ಸಾಕ್ಷಿ

ಮಾನ್ಯ ಸಂಪಾದಕರೇ,

ಉಷ್ಣಮಾಪಕ, ಮಳೆಮಾಪಕಗಳೇ ಇಲ್ಲದಿದ್ದ ಕಾಲದ ಹವಾಮಾನವನ್ನು ವಿಜ್ಞಾನಿಗಳು ವಿವರಿಸುವುದು ಬರೀ ಊಹೆ ಎಂಬ ಮಾತು ನಮ್ಮ ಭಾಗದಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. ಮೂವತ್ತು ವರ್ಷ ಭೂಗೋಳ ಕಲಿಸಿದ ನನಗೆ ಈ ಮಾತನ್ನು ಹಾಗೆಯೇ ಬಿಡಲು ಮನಸ್ಸಾಗುತ್ತಿಲ್ಲ.

ಅಂಟಾರ್ಕ್ಟಿಕಾದ ಡೋಮ್ ಸಿ ಎಂಬಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳದವರೆಗೆ ಕೊರೆದು ತೆಗೆದ ಹಿಮದಲ್ಲಿ 8 ಲಕ್ಷ ವರ್ಷಗಳಷ್ಟು ಹಿಂದಿನ ಗಾಳಿಯೇ ಗುಳ್ಳೆಗಳಾಗಿ ಉಳಿದಿದೆ. ಅದನ್ನು ನೇರವಾಗಿ ಅಳೆಯುತ್ತಾರೆ. ಆ ದೀರ್ಘ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 180ರಿಂದ 300ರ ನಡುವೆಯೇ ಇತ್ತು. ಇಂದು 420ನ್ನು ದಾಟಿದೆ. ಉಷ್ಣತೆಯನ್ನು ಮಾತ್ರ ಪರೋಕ್ಷವಾಗಿ ತಿಳಿಯಬೇಕು. ಭಾರವಾದ ಆಮ್ಲಜನಕವಿರುವ ನೀರಿನ ಕಣಗಳು ಮೋಡದಿಂದ ಮೊದಲು ಉದುರುವುದರಿಂದ, ಚಳಿ ಹೆಚ್ಚಿದಷ್ಟೂ ಧ್ರುವದ ಹಿಮದಲ್ಲಿ ಅವುಗಳ ಪಾಲು ಕಡಿಮೆಯಾಗುತ್ತದೆ.

ನಮಗೆ ಇನ್ನಷ್ಟು ಹತ್ತಿರದ ಸಾಕ್ಷಿ ಮರಗಳದ್ದು. 1791–92ರ ಬರವನ್ನು ನಮ್ಮ ಹಿರಿಯರು ಡೋಗಿ ಬರ, ಅಂದರೆ ತಲೆಬುರುಡೆಗಳ ಬರ, ಎಂದು ಕರೆದರು. 1876–78ರ ಬರ ಅಂದಿನ ಕಲಾದಗಿ ಜಿಲ್ಲೆಯನ್ನು, ಎಂದರೆ ಇಂದಿನ ಬಾಗಲಕೋಟೆ, ವಿಜಯಪುರಗಳನ್ನು, ಹಿಂಡಿಹಾಕಿತು. ಏಷ್ಯಾದ ಮುನ್ನೂರಕ್ಕೂ ಹೆಚ್ಚು ತಾಣಗಳ ಮರಗಳ ಬೆಳವಣಿಗೆಯ ಉಂಗುರಗಳನ್ನು ಓದಿ 2010ರಲ್ಲಿ ಪ್ರಕಟಿಸಿದ ಮುಂಗಾರು ಬರಗಳ ನಕಾಶೆಯಲ್ಲಿ ಈ ಎರಡೂ ಅವಧಿಗಳು ದೊಡ್ಡ ಬರಗಳಾಗಿ ಎದ್ದು ಕಾಣುತ್ತವೆ. ಜನರ ನೆನಪನ್ನು ಕೇಳದ ಮರಗಳು ಅದೇ ವರ್ಷಗಳನ್ನು ತೋರಿಸಿದ ಮೇಲೆ ಇದನ್ನು ಊಹೆ ಎನ್ನುವುದು ಹೇಗೆ?

ಆದರೆ ಆ ನಕಾಶೆಗೂ ಮಿತಿಗಳಿವೆ. ಆ ಮರಗಳಲ್ಲಿ ಬಹುಪಾಲು ನಮ್ಮಿಂದ ಬಲು ದೂರದವು, ಮತ್ತು ನಕಾಶೆ ಹೇಳುವುದು ಜೂನ್‌ನಿಂದ ಆಗಸ್ಟ್‌ವರೆಗಿನ ತೇವದ ಕಥೆಯನ್ನು. ನಮ್ಮ ಎರೆಭೂಮಿಯ ಬಿಳಿಜೋಳವೋ ಸೆಪ್ಟೆಂಬರ್–ಅಕ್ಟೋಬರಿನ ಉತ್ತರಿ, ಹಸ್ತಿ ಮಳೆಗಳನ್ನು ನಂಬಿದ ಬೆಳೆ. ಆ ಹಿಂಗಾರಿನ ಚರಿತ್ರೆಯನ್ನು ಹೇಳಬಲ್ಲವು ಹಳೆಯ ವಾಡೆಗಳಲ್ಲಿ, ಮಠಗಳಲ್ಲಿ ಬಿದ್ದಿರುವ ಕಡತಗಳು ಮತ್ತು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಲೆಕ್ಕಪತ್ರಗಳು. ಯಾವ ಸಂವತ್ಸರದಲ್ಲಿ ಯಾವ ಮಳೆ ಕೈಕೊಟ್ಟಿತು, ಹಗೇವು, ಅಂದರೆ ಕಾಳು ಕೂಡಿಡುವ ನೆಲದಡಿಯ ಕಣಜ, ಯಾವಾಗ ತೆರೆದರು, ಜೋಳದ ಧಾರಣೆ ಎಷ್ಟಕ್ಕೇರಿತು, ಎಷ್ಟು ತೀರ್ವೆ ಮಾಫಿಯಾಯಿತು ಎಂಬ ಇಂಥ ನಮೂದುಗಳು ತಿಥಿಸಹಿತ ಸಿಕ್ಕರೆ ಮರದ ಉಂಗುರಕ್ಕಿಂತ ನಿಖರ. ಜಪಾನಿನ ಕ್ಯೋಟೋದಲ್ಲಿ ಚೆರಿ ಹೂ ಅರಳಿದ ದಿನಗಳ ದಾಖಲೆಗಳಿಂದ ಒಂಬತ್ತನೆಯ ಶತಮಾನದಿಂದೀಚಿನ ವಸಂತದ ಉಷ್ಣತೆಯನ್ನು ಕಟ್ಟಿದ್ದಾರೆ. ಮುಂಬಯಿಗೆ ಮುಂಗಾರು ಕಾಲಿಟ್ಟ ದಿನಗಳನ್ನು ಹಳೆಯ ದಿನಚರಿ, ಪತ್ರಿಕೆಗಳಿಂದ ಗುರುತಿಸಿದ್ದಾರೆ.

ನಮ್ಮ ಮನೆಯ ಇಂಥದೊಂದು ಗಂಟನ್ನು, ನಾನು ಪರಊರಿನಲ್ಲಿದ್ದಾಗ, ರದ್ದಿಗೆ ಹಾಕಿದರು. ಅದರಲ್ಲಿ ಏನಿತ್ತೆಂದು ಇನ್ನು ಯಾರಿಗೂ ತಿಳಿಯದು. ಆ ಕೊರಗು ಇಂದಿಗೂ ನನ್ನನ್ನು ಬಿಟ್ಟಿಲ್ಲ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲಾಡಳಿತಗಳು ಮತ್ತು ಇಲ್ಲಿನ ಕಾಲೇಜುಗಳ ಇತಿಹಾಸ, ಭೂಗೋಳ ವಿಭಾಗಗಳು ಕೂಡಿ, ಮೋಡಿ ಓದಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ, ಮನೆಮನೆಯ ಇಂಥ ಕಾಗದಗಳ ಛಾಯಾಪ್ರತಿ ತೆಗೆದು ಮೂಲವನ್ನು ಆಯಾ ಮನೆಯವರಿಗೇ ಮರಳಿಸುವ ಕೆಲಸವನ್ನು ಕೈಗೆತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ಬಾಗಲಕೋಟೆ