ಎಳೆಯರ ಉಬ್ಬಸದ ಸಾವು: ಜೇಬಿನಲ್ಲಿ ಯಾವ ಪಫ್ ಇತ್ತು?

ಮಾನ್ಯರೇ,

‘ಉಸಿರಾಟದ ತೊಂದರೆ: ವಿದ್ಯಾರ್ಥಿ ಸಾವು’ ಎಂಬ ನಾಲ್ಕು ಸಾಲಿನ ಸುದ್ದಿ ಪತ್ರಿಕೆಗಳ ಒಳಪುಟದಲ್ಲಿ ಆಗಾಗ ಕಾಣಿಸುತ್ತದೆ. ಅದರಲ್ಲಿ ಅಸ್ತಮಾ ಎಂಬ ಪದ ಇರುವುದೇ ಅಪರೂಪ. ಆ ಹುಡುಗನ ಬಳಿ ಯಾವ ಪಫ್ (ಔಷಧ ಎಳೆದುಕೊಳ್ಳುವ ಇನ್ಹೇಲರ್) ಇತ್ತು, ಹಿಂದಿನ ವರ್ಷ ಅಂಥವು ಎಷ್ಟು ಖಾಲಿಯಾಗಿದ್ದವು ಎಂದು ಯಾರೂ ಕೇಳಿರುವುದಿಲ್ಲ. ಎಳೆ ವಯಸ್ಸಿನ ಅಸ್ತಮಾ ಸಾವು ಜಗತ್ತಿನಲ್ಲಿ ಏರಿದ್ದಕ್ಕೂ ಇಳಿದದ್ದಕ್ಕೂ ಈ ಪ್ರಶ್ನೆಗೂ ನೇರ ನಂಟಿದೆ.

ಈ ಸಾವುಗಳನ್ನು ಲೆಕ್ಕ ಹಾಕುವವರು 5ರಿಂದ 34 ವರ್ಷದವರನ್ನೇ ಆರಿಸಿಕೊಳ್ಳುತ್ತಾರೆ. ಐದರ ಕೆಳಗೆ ವೈರಸ್ ಸೋಂಕಿನ ಗೊರಗೊರವೂ ಅಸ್ತಮಾ ಎನಿಸಿಕೊಳ್ಳುತ್ತದೆ; 35 ದಾಟಿದರೆ ಬೀಡಿ, ಸಿಗರೇಟಿನ ಶ್ವಾಸಕೋಶದ ರೋಗ ಬೆರೆಯುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಈ ವಯಸ್ಸಿನವರ ಸಾವು ದಿಢೀರನೆ ಏರಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 10ರಿಂದ 14 ವರ್ಷದ ಮಕ್ಕಳಲ್ಲಿ ಏಳೇ ವರ್ಷಗಳಲ್ಲಿ ಏಳು ಪಟ್ಟಿಗೂ ಹೆಚ್ಚಾಯಿತು. ಬೆರಳು ಹೋದದ್ದು ಶ್ವಾಸನಾಳ ಸಡಿಲಿಸುವ ಐಸೋಪ್ರಿನಲಿನ್‌ನ ‘ಫೋರ್ಟ್’ (ಹೆಚ್ಚು ಪ್ರಮಾಣದ) ಇನ್ಹೇಲರ್ ಕಡೆಗೆ. ಅದು ಮಾರಾಟಕ್ಕೇ ಬಾರದ ಅಮೆರಿಕದಲ್ಲಿ ಅಂಥ ಏರಿಕೆ ಆಗಲಿಲ್ಲ. 1976ರಲ್ಲಿ ನ್ಯೂಜಿಲೆಂಡ್‌ಗೆ ಅಂಥದ್ದೇ ಇನ್ನೊಂದು ಔಷಧ ಫೆನೋಟೆರಾಲ್ ಬಂತು. 1979ರ ಹೊತ್ತಿಗೆ ಅಲ್ಲಿ ಲಕ್ಷಕ್ಕೆ ನಾಲ್ವರು ಎಳೆಯರು ಅಸ್ತಮಾದಿಂದ ಸಾಯುತ್ತಿದ್ದರು. 1989ರ ಬಳಿಕ ಅದರ ಬಳಕೆಗೆ ಕಡಿವಾಣ ಬಿತ್ತು, ಸಾವು ಅರ್ಧಕ್ಕಿಳಿಯಿತು.

ಮುಂದಿನ ಇಳಿಕೆಗೆ ಮುಖ್ಯ ಕಾರಣ ಶ್ವಾಸನಾಳದ ಊತ ಇಳಿಸಲು ದಿನವೂ ಎಳೆದುಕೊಳ್ಳುವ ಸ್ಟೀರಾಯ್ಡ್ ಪಫ್. 46 ದೇಶಗಳ ಅಂಕಿ ಅಂಶ ಒಟ್ಟು ಮಾಡಿದಾಗ, 5–34 ವಯಸ್ಸಿನವರ ಸಾವಿನ ಪ್ರಮಾಣ 1993ರಲ್ಲಿ ಲಕ್ಷಕ್ಕೆ 0.44 ಇದ್ದದ್ದು 2006ಕ್ಕೆ 0.19 ಆಗಿತ್ತು. 2012ರಲ್ಲೂ ಅದೇ 0.19. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 195 ಅಸ್ತಮಾ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿ 2014ರಲ್ಲಿ ಕೊಟ್ಟ ವರದಿ ಓದಿದರೆ ಇಳಿಕೆ ಏಕೆ ನಿಂತಿತೆಂಬುದರ ಸುಳಿವು ಸಿಗುತ್ತದೆ. ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಕಾಯಿಲೆ ಸೌಮ್ಯ ಇಲ್ಲವೇ ಮಧ್ಯಮ ಎಂದೇ ನಮೂದಾಗಿತ್ತು. ತಕ್ಷಣದ ಆರಾಮದ ಪಫ್ (ಸಾಲ್ಬುಟಮಾಲ್‌ನಂಥದ್ದು) ಬಳಸುತ್ತಿದ್ದವರಲ್ಲಿ ಶೇ 39 ಮಂದಿಗೆ ಒಂದೇ ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಇನ್ಹೇಲರ್ ಬರೆದುಕೊಡಲಾಗಿತ್ತು.

ನಮ್ಮಲ್ಲಿ ಪರಿಸ್ಥಿತಿ ಇದಕ್ಕಿಂತ ಕೆಟ್ಟದ್ದು. ಜಾಗತಿಕ ಅಂದಾಜಿನ ಪ್ರಕಾರ ಎಲ್ಲ ವಯಸ್ಸಿನವರೂ ಸೇರಿ ಅಸ್ತಮಾ ಇರುವವರಲ್ಲಿ ಭಾರತೀಯರು ಸುಮಾರು ಶೇ 13, ಅದರಿಂದ ಸಾಯುವವರಲ್ಲಿ ಶೇ 40ಕ್ಕೂ ಹೆಚ್ಚು.

ಉಬ್ಬಸ ಬಂದಾಗ ಶ್ವಾಸನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಒಳಪದರ ಊದುತ್ತದೆ, ಅಂಟು ಕಫ ತುಂಬುತ್ತದೆ. ಸಾಲ್ಬುಟಮಾಲ್ ಸಡಿಲಿಸುವುದು ಸ್ನಾಯುವನ್ನು ಮಾತ್ರ. ಐದು ನಿಮಿಷದಲ್ಲಿ ಹಾಯೆನಿಸುತ್ತದೆ, ಊತ ಹಾಗೇ ಉಳಿದು ಬೆಳೆಯುತ್ತದೆ. ಹನ್ನೆರಡು ವರ್ಷ ಮೇಲ್ಪಟ್ಟವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಕಳಿಸಬಾರದು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳಿದ್ದು 2019ರಲ್ಲಿ. ನಮ್ಮ ಮೆಡಿಕಲ್ ಶಾಪಿನಲ್ಲಿ ಹಳೆಯ ಡಬ್ಬಿ ತೋರಿಸಿದರೆ ಸಾಕು, ಹೊಸದು ಸಿಗುತ್ತದೆ. ಎಷ್ಟನೆಯದು ಎಂದು ಕೇಳುವವರಿಲ್ಲ. ಅದೇ ಮನೆಯಲ್ಲಿ ಸ್ಟೀರಾಯ್ಡ್ ಪಫ್ ಎಂದರೆ ‘ಅಭ್ಯಾಸ ಆಗಿಬಿಡುತ್ತೆ’ ಎಂಬ ಹೆದರಿಕೆ, ಕೌಂಟರಿನಲ್ಲಿ ಕೊಟ್ಟ ಬೀಟಾಮೆಥಸೋನ್ ಎಂಬ ಸ್ಟೀರಾಯ್ಡ್ ಮಾತ್ರೆಗೆ ಮಾತ್ರ ಯಾವ ಹೆದರಿಕೆಯೂ ಇಲ್ಲ. ಅದರ 0.5 ಮಿಲಿಗ್ರಾಂ ಮಾತ್ರೆಯೊಂದರ 500 ಮೈಕ್ರೋಗ್ರಾಂ ಸ್ಟೀರಾಯ್ಡ್ ಇಡೀ ಮೈಗೆ ಹೋಗುತ್ತದೆ. ಶಾಲೆಗೆ ಹೋಗುವ ಮಗುವಿಗೆ ಬ್ಯೂಡಿಸೊನೈಡ್ ಎಂಬ ಸ್ಟೀರಾಯ್ಡ್ ಪಫ್‌ನಲ್ಲಿ ದಿನಕ್ಕೆ ಸಾಮಾನ್ಯವಾಗಿ 100ರಿಂದ 200 ಮೈಕ್ರೋಗ್ರಾಂ ಸಾಕು, ಅದೂ ಮುಖ್ಯವಾಗಿ ಶ್ವಾಸನಾಳಕ್ಕೆ.

ಡಬ್ಬಿಯ ಬಣ್ಣ ನಂಬಬೇಡಿ, ಔಷಧದ ಹೆಸರು ಓದಿ. ಸಾಲ್ಬುಟಮಾಲ್ ಡಬ್ಬಿಯಲ್ಲಿ ಸಾಮಾನ್ಯವಾಗಿ 200 ಪಫ್ ಇರುತ್ತವೆ. ತಿಂಗಳಲ್ಲಿ ಮುಗಿದರೆ ದಿನಕ್ಕೆ ಆರೇಳು ಪಫ್ ಎಂದಾಯಿತು. ಅದು ಅಪಾಯದ ಗಂಟೆ. ವರ್ಷಕ್ಕೆ ಮೂರು ಡಬ್ಬಿ ಮುಗಿದರೂ ವೈದ್ಯರ ಬಳಿ ಹೋಗಲೇಬೇಕು.

ಸ್ಪೇಸರ್ (ಇನ್ಹೇಲರ್ ಮತ್ತು ಬಾಯಿಯ ನಡುವೆ ಇಡುವ ಟೊಳ್ಳು ಕೊಳವೆ) ಇಲ್ಲದೆ ಒತ್ತಿದ ಪಫ್‌ನ ಬಹುಪಾಲು ಗಂಟಲಿಗೆ ಬಡಿದು ಅಲ್ಲೇ ನಿಲ್ಲುತ್ತದೆ. ಕೊಳ್ಳಲಾಗದವರು ಅರ್ಧ ಲೀಟರಿನ ಗಟ್ಟಿ ಪ್ಲಾಸ್ಟಿಕ್ ಬಾಟಲಿಯಲ್ಲೇ ಮಾಡಿಕೊಳ್ಳಬಹುದು. ತಂತಿಯನ್ನು ಇನ್ಹೇಲರ್ ಬಾಯಿಯ ಆಕಾರಕ್ಕೆ ಬಗ್ಗಿಸಿ, ಕಾಯಿಸಿ, ಬಾಟಲಿಯ ತಳಕ್ಕೆ ಒತ್ತಿದರೆ ಅದೇ ಅಳತೆಯ ತೂತು ಬೀಳುತ್ತದೆ. ಇನ್ಹೇಲರ್ ಬಿಗಿಯಾಗಿ ಕೂರಬೇಕು, ಸಂದಿಗೆ ಟೇಪು ಸುತ್ತಬೇಕು. ಬಾಟಲಿಯ ಕತ್ತು ಮಗುವಿನ ಬಾಯಿಗೆ. ಸೋಪು ನೀರಿನಲ್ಲಿ ಅದ್ದಿ ತೆಗೆದು ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ಸ್ಥಾಯಿ ವಿದ್ಯುತ್ ಹುಟ್ಟಿ ಔಷಧ ಗೋಡೆಗೇ ಅಂಟುತ್ತದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಪರೀಕ್ಷೆಗೆ ಒಳಪಟ್ಟ ಉಪಾಯ ಇದು.

ದಮ್ಮು ಜೋರಾದಾಗ ಮಗುವನ್ನು ಮಲಗಿಸಬೇಡಿ, ನೆಟ್ಟಗೆ ಕೂರಿಸಿ. ಸಾಲ್ಬುಟಮಾಲ್ ಇನ್ಹೇಲರ್ ಅಲುಗಾಡಿಸಿ ಸ್ಪೇಸರ್‌ಗೆ ಒಂದು ಪಫ್, ಐದಾರು ಉಸಿರು. ಮತ್ತೆ ಅಲುಗಾಡಿಸಿ ಇನ್ನೊಂದು. ಹೀಗೆ ನಾಲ್ಕರಿಂದ ಹತ್ತರವರೆಗೆ. ಎರಡು ಮೂರು ಪಫ್ ಒಟ್ಟಿಗೆ ಒತ್ತಿದರೆ ಹನಿಗಳು ಕೂಡಿಕೊಂಡು ಕೆಳಗೆ ಕೂರುತ್ತವೆ. ಹಿಡಿತಕ್ಕೆ ಬರದಿದ್ದರೆ 108ಕ್ಕೆ ಕರೆ ಮಾಡಿ, ದಾರಿಯಲ್ಲೂ 20 ನಿಮಿಷಕ್ಕೊಮ್ಮೆ ಇದನ್ನೇ ಮುಂದುವರಿಸಿ. ಪುಡಿ ಕ್ಯಾಪ್ಸೂಲಿನ ಸಾಧನ ಇಂಥ ಹೊತ್ತಿಗೆ ಆಗದು, ಅದಕ್ಕೆ ಜೋರಾಗಿ ಎಳೆಯುವ ಶಕ್ತಿ ಬೇಕು. ಮನೆಯವರು ಮೋಸ ಹೋಗುವುದು ಇನ್ನೊಂದು ಕಡೆ: ಎದೆಯ ಸುಂಯ್‌ಗುಟ್ಟುವಿಕೆ ನಿಂತು ಮಗು ಮಂಪರಾದರೆ ‘ಸದ್ಯ, ಮಲಗಿತು’ ಎಂದು ನಿಟ್ಟುಸಿರು ಬಿಡುತ್ತಾರೆ. ಸದ್ದು ಬರಲೂ ಗಾಳಿ ಆಡಬೇಕು. ಗಾಳಿಯೇ ಆಡದ ಎದೆ ಸದ್ದು ಮಾಡುವುದಿಲ್ಲ.

ಕೊನೆಯದಾಗಿ, ವೈದ್ಯ ಮಿತ್ರರಿಗೆ. ಸಾವಿನ ಕಾರಣದ ಫಾರಂ 4ರಲ್ಲಿ ‘ಹೃದಯ ಸ್ತಂಭನ’ ಎಂದಷ್ಟೇ ಬರೆದು ಸಹಿ ಹಾಕುವ ರೂಢಿಯಿದೆ. ಅದು ಸತ್ತ ಬಗೆ, ಕಾರಣವಲ್ಲ. ಮೊದಲ ಸಾಲಿನಲ್ಲಿ ‘ತೀವ್ರ ಅಸ್ತಮಾ ದಾಳಿ’, ಕೆಳಗಿನ ಸಾಲಿನಲ್ಲಿ ‘ಅಸ್ತಮಾ’, ಪಕ್ಕದಲ್ಲಿ ಅದು ಎಷ್ಟು ವರ್ಷದಿಂದ ಇತ್ತು ಎಂಬುದು: ಇಷ್ಟು ಬರೆದರೆ ಆ ಮಗು ಲೆಕ್ಕಕ್ಕೆ ಸಿಗುತ್ತದೆ. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯ ನಂತರ ಈ ಪ್ರಮಾಣಪತ್ರದ ಪ್ರತಿ ಹತ್ತಿರದ ಸಂಬಂಧಿಗೂ ಸಿಗಬೇಕು. ಅದನ್ನು ಕೇಳಿ ಪಡೆಯಿರಿ, ಓದಿ ನೋಡಿ.

– ಮಕ್ಕಳ ವೈದ್ಯರೊಬ್ಬರು, ಶಿವಮೊಗ್ಗ