ಸೌದೆ ತೇಲಿಸಿದ ಊರಿನಿಂದ

ಪ್ರೀತಿಯ ಮಂಜ,

ಕ್ಲಾಮ್ಸಿ ಅನ್ನುವ ಊರಿನಿಂದ ಬರೆಯುತ್ತಿದ್ದೇನೆ. ಫ್ರಾನ್ಸಿನ ಬರ್ಗಂಡಿ ಸೀಮೆ, ಯೋನ್ ನದಿಯ ದಡ. ಕಾಫಿ ಕುಡಿದು ಹೊರಟರೆ ಇನ್ನೊಂದು ಕಾಫಿಯ ಹೊತ್ತಿಗೆ ಊರು ಸುತ್ತಿ ಮುಗಿಯುತ್ತದೆ. ಆದರೂ ಮೂರು ದಿನದಿಂದ ಇಲ್ಲೇ ಇದ್ದೇನೆ. ಕಾರಣ ಸೌದೆ! ಡಿಪೋದಲ್ಲಿ ಆಡಿ ಬೆಳೆದ ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಪ್ಯಾರಿಸ್‌ನ ಒಲೆಗಳಿಗೆ ಸೌದೆ ಬೇಕಿತ್ತು. ಹತ್ತಿರದ ಕಾಡು ಕರಗುತ್ತಾ ಬಂದಿತ್ತು. ಇಲ್ಲಿನ ಮೊರ್ವಾಂ ಬೆಟ್ಟಗಳಲ್ಲಿ ಮರ ಬೇಕಾದಷ್ಟು, ಆದರೆ ಗಾಡಿ ಹೋಗೋ ದಾರಿ ಇಲ್ಲ. ಹಾಗಾಗಿ 16ನೇ ಶತಮಾನದಲ್ಲಿ ಆ ಹೊರೆಯನ್ನು ಹೊಳೆಗೇ ಹೊರಿಸಿದರು. ಕೊರಡಿನ ತುದಿಗೆ ವ್ಯಾಪಾರಿಯ ಗುರುತನ್ನು ಸುತ್ತಿಗೆಯಿಂದ ಒತ್ತಿ ತೊರೆಗೆ ಎಸೆಯುತ್ತಿದ್ದರು. ಮೇಲಿನ ಕೆರೆಗಳ ತೂಬು ಎತ್ತಿದರೆ ನೀರು ನುಗ್ಗಿ ಎಲ್ಲರ ಸೌದೆಯೂ ಒಟ್ಟಿಗೆ ಕೊಚ್ಚಿಕೊಂಡು ಬರುತ್ತಿತ್ತು. ಇಲ್ಲಿ ಅದನ್ನು ಅಡ್ಡಗಟ್ಟಿ, ಕೊಕ್ಕೆ ಹಾಕಿ ಎಳೆದು, ಗುರುತು ನೋಡಿ ಬೇರೆ ಬೇರೆ ಒಟ್ಟುತ್ತಿದ್ದರು. ಚಳಿಯಲ್ಲಿ, ಮೊಣಕಾಲುದ್ದ ನೀರಲ್ಲಿ ನಿಂತು ಮಾಡುವ ಕೆಲಸ ಕಣೋ.

ಒಣಗಿದ ಮೇಲೆ ಎಳೆ ಕೊಂಬೆಗಳನ್ನು ಹುರಿ ಮಾಡಿ ಬಿಗಿದು ತೆಪ್ಪ ಕಟ್ಟುವುದು. ಒಂದೊಂದು ತೆಪ್ಪ 70 ಮೀಟರಿಗೂ ಉದ್ದ, ಸುಮಾರು 200 ಘನ ಮೀಟರ್ ಸೌದೆ! ಯೋನ್ ಹಿಡಿದು, ಆಮೇಲೆ ಸೇನ್ ಹಿಡಿದು, ಹತ್ತು ಹನ್ನೊಂದು ದಿನಕ್ಕೆ ಪ್ಯಾರಿಸ್. ತೆಪ್ಪ ಅಲ್ಲೇ ಬಿಚ್ಚಿ ಮಾರಾಟ. ತೆಪ್ಪದವನು ಮಾತ್ರ 200 ಕಿಲೋಮೀಟರಿಗೂ ಜಾಸ್ತಿ ದೂರ ನಡೆದುಕೊಂಡೇ ವಾಪಸ್ ಬರುತ್ತಿದ್ದ, ಇನ್ನೊಂದು ತೆಪ್ಪಕ್ಕೆ. ಕಲ್ಲಿದ್ದಲು, ರೈಲು ಬಂದ ಮೇಲೆ ಕಸುಬು ಕುಗ್ಗಿತು. 1923ಕ್ಕೆ ಪೂರ್ತಿ ನಿಂತಿತು.

ಈ ಉಪಾಯದ ಕೀರ್ತಿ ಸಂದದ್ದು ಜಾಂ ರೂವೆ ಎಂಬ ವ್ಯಾಪಾರಿಗೆ. ಸೇತುವೆ ಹತ್ತಿರ ಅವನ ಕಂಚಿನ ತಲೆ ಇದೆ. ತೆಪ್ಪದವನ ಪ್ರತಿಮೆಯೂ ಇದೆ. ನಾನು ಜಾಸ್ತಿ ಹೊತ್ತು ನಿಂತದ್ದು ಇವನ ಮುಂದೆ.

ಆ ಸೇತುವೆಯ ಹೆಸರು ಬೆತ್ಲೆಹೆಮ್! ತಮಾಷೆಯಲ್ಲ. ಕ್ರೈಸ್ತರ ಧರ್ಮಯುದ್ಧಕ್ಕೆ (ಕ್ರುಸೇಡ್) ಹೋಗಿ 1168ರಲ್ಲಿ ಸತ್ತ ಇಲ್ಲಿನ ದೊರೆಯೊಬ್ಬ ಊರಿನ ಆಸ್ಪತ್ರೆಯನ್ನು ಬೆತ್ಲೆಹೆಮ್ಮಿನ ಬಿಷಪ್ಪರಿಗೆ ಬರೆದುಕೊಟ್ಟಿದ್ದ. ಬೆತ್ಲೆಹೆಮ್ಮಿನಲ್ಲಿ ಕಾಲೂರಲಾಗದೆ ಬಿಷಪ್ಪರು 13ನೇ ಶತಮಾನದಲ್ಲಿ ಇಲ್ಲಿಗೇ ಬಂದರು. ಫ್ರೆಂಚ್ ಕ್ರಾಂತಿಯವರೆಗೂ 'ಬೆತ್ಲೆಹೆಮ್ಮಿನ ಬಿಷಪ್' ಇದ್ದದ್ದು ಈ ಸೌದೆ ಊರಿನಲ್ಲಿ.

ರಾಮಕೃಷ್ಣ, ವಿವೇಕಾನಂದರ ಜೀವನ ಬರೆದ ರೋಮಾ ರೋಲಾ 1866ರಲ್ಲಿ ಹುಟ್ಟಿದ್ದೂ ಇಲ್ಲೇ ಅಂತ ನನಗೆ ಬಂದ ಮೇಲೇ ಗೊತ್ತಾಯಿತು, ನೋಡು. ಮ್ಯೂಸಿಯಮ್ಮಿಗೆ ಅವನ ಹೆಸರೇ ಇಟ್ಟಿದ್ದಾರೆ. ನಾನು ಹೋಗಿದ್ದು ಸೌದೆ ನೋಡೋಕೆ, ಅದು ಬೇರೆ ಮಾತು.

ಊಟಕ್ಕೆ ಇಲ್ಲಿನ ಹೆಸರುವಾಸಿ ಆಂಡುಯೆಟ್ ತಂದುಕೊಟ್ಟರು. ಹಂದಿ ಕರುಳಿಗೆ ಕರುಳೇ ತುಂಬಿದ ಸಾಸೇಜು. ಬೋಟಿ ತಿಂದು ಬೆಳೆದ ನಾನೇ ಅರ್ಧಕ್ಕೆ ಕೈಬಿಟ್ಟೆ. ಆ ವಾಸನೆ!

ಜುಲೈ 14ಕ್ಕೆ ಇಲ್ಲಿ ದೋಣಿ ಮೇಲೆ ನಿಂತು ಕೋಲಿನಿಂದ ಒಬ್ಬರನ್ನೊಬ್ಬರು ನೀರಿಗೆ ಕೆಡವುವ ಪಂದ್ಯ ಇರುತ್ತದಂತೆ. ನೀರಿಗೆ ಬೀಳದೆ ಕೊನೆಗೆ ಉಳಿದವನು 'ಒಣ ರಾಜ'. ತೆಪ್ಪದವರ ಊರಲ್ಲಿ ಇದಕ್ಕಿಂತ ದೊಡ್ಡ ಬಿರುದು ಇನ್ಯಾವುದಿದೆ ಹೇಳು?

ನಿಮ್ಮಪ್ಪ ಲಾರಿಯಿಂದ ಇಳಿಸಿದ ದಿಮ್ಮಿಗಳ ತುದಿಗೆ ಬಣ್ಣದಲ್ಲಿ ಏನೋ ಗುರುತು ಬರೆಯುತ್ತಿದ್ದರಲ್ಲ, ಅದೇನಂತ ಕೇಳಿ ಬರಿ.

ನಿನ್ನ,
ಶಿವು