ಹಸಿ ಹಾಲಿನ ವ್ಯಾಮೋಹ ಬೇಡ

ಮಾನ್ಯರೇ,

ಕಾಯಿಸದ ಹಾಲೇ ಶ್ರೇಷ್ಠ ಎಂಬ ಪ್ರಚಾರ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಹಳ್ಳಿಗಳಲ್ಲಿ ಬಾಣಂತಿ, ಕೂಸುಗಳ ಆರೈಕೆಯಲ್ಲೇ ಆಯುಷ್ಯ ಸವೆಸಿದ ನನಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ. ಈ ಪಂಡಿತರು ಒಮ್ಮೆ ನಾಥನ್ ಸ್ಟ್ರಾಸ್ ಅವರ ಬದುಕನ್ನು ಓದಲಿ.

1848ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ವಲಸೆ ಬಂದ ಯಹೂದಿ ಅವರು. ಅಣ್ಣ ಇಸಿಡೋರ್ ಜೊತೆಗೂಡಿ ನ್ಯೂಯಾರ್ಕ್‌ನ ಮೇಸೀಸ್ ಮಳಿಗೆಯ ಒಡೆಯರಾದರು. ಆಗ ನ್ಯೂಯಾರ್ಕ್‌ನ ಬಡವರ ಕೇರಿಗಳಲ್ಲಿ ಬೇಸಿಗೆ ಬಂತೆಂದರೆ ಕೂಸುಗಳು ಕೆಟ್ಟ ಹಸಿ ಹಾಲು ಕುಡಿದು ಭೇದಿಯಿಂದ ಸಾಲುಸಾಲಾಗಿ ಸಾಯುತ್ತಿದ್ದವು. ಹಾಲಿನಿಂದ ಕ್ಷಯವೂ ಹರಡುತ್ತಿತ್ತು. 1893ರಲ್ಲಿ ಸ್ಟ್ರಾಸ್ ಸ್ವಂತ ಹಣದಿಂದ ಪಾಶ್ಚರೀಕರಿಸಿದ, ಅಂದರೆ ರೋಗಾಣು ಸಾಯುವಷ್ಟು ಬಿಸಿ ಮಾಡಿ ತಣಿಸಿದ, ಹಾಲಿನ ಕೇಂದ್ರ ತೆರೆದರು. ಬೆಲೆ ಕಡಿಮೆ, ಕಾಸಿಲ್ಲದವರಿಗೆ ಉಚಿತ. ಹಾಲಿನ ವ್ಯಾಪಾರಿಗಳಷ್ಟೇ ಅಲ್ಲ, ಕೆಲವು ವೈದ್ಯರೂ ವಿರೋಧಿಸಿದರು. ಸ್ಟ್ರಾಸ್ ಜಗ್ಗಲಿಲ್ಲ, ಊರೂರಿಗೆ ಕೇಂದ್ರಗಳನ್ನು ವಿಸ್ತರಿಸಿದರು. 1908ರಲ್ಲಿ ಷಿಕಾಗೊ ನಗರ ಪಾಶ್ಚರೀಕರಣವನ್ನು ಕಡ್ಡಾಯಗೊಳಿಸಿತು.

ನಮ್ಮ ಅಜ್ಜಿಯರು ಹಾಲು ಉಕ್ಕುವವರೆಗೂ ಒಲೆಯ ಮುಂದಿನಿಂದ ಏಳುತ್ತಿರಲಿಲ್ಲ. ಈಗಿನ ವಿದ್ಯಾವಂತರಿಗೆ ಅಷ್ಟೂ ತಾಳ್ಮೆ ಇಲ್ಲವೇ? ಆರೋಗ್ಯ ಇಲಾಖೆ ಸುಮ್ಮನೆ ಕೂರದೆ, ಅಂಗನವಾಡಿ ತಾಯಂದಿರ ಸಭೆಗಳಲ್ಲಿ ಈ ವಿಷಯ ತಿಳಿಸಲು ಕೂಡಲೇ ಸುತ್ತೋಲೆ ಹೊರಡಿಸಬೇಕು.

– ನಿವೃತ್ತ ಆರೋಗ್ಯ ಸಹಾಯಕಿ, ತಿಪಟೂರು